ಹದಿನೆಂಟು ಮೀಟರ್ ಕೆಳಗಿನ ಕೆಂಪು

ರಾಯದುರ್ಗ
೧೨ ಜೂನ್ ೨೦೨೪

ಲಕ್ಷ್ಮಣಪ್ಪ ಸಾರ್ ಅವರಿಗೆ,

ನಾನು ಕ್ಷೇಮವಾಗಿಲ್ಲ. ನಿಮ್ಮ ಕ್ಷೇಮ ಕೇಳುವ ಮನಸ್ಸೂ ಇವತ್ತು ಇಲ್ಲ. ಮೇ ತಿಂಗಳಿಂದ ದಿನಾ ಫೋನ್ ಮಾಡಿದೆ. ಮೊದಲು ಎತ್ತಲಿಲ್ಲ, ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದಿರಿ. ಕಾಗದವನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ. ರಿಜಿಸ್ಟರ್ ಮಾಡಿದ್ದೇನೆ, ನೀವು ಸಹಿ ಹಾಕಿ ತೆಗೆದುಕೊಂಡದ್ದಕ್ಕೆ ನನ್ನ ಹತ್ತಿರ ಸಾಕ್ಷಿ ಇರುತ್ತದೆ.

ಆದದ್ದನ್ನು ಒಂದು ಸಲ ನೆಟ್ಟಗೆ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಅನ್ನಬೇಡಿ. ಮೇ ಹದಿನೇಳರಂದು ಹುಬ್ಬಳ್ಳಿಯ ಹಲ್ಲಿನ ಡಾಕ್ಟರಮ್ಮ ಒಬ್ಬರನ್ನು ನೇತ್ರಾಣಿ ದ್ವೀಪದ ಪಕ್ಕ ಕಡಲಿಗೆ ಇಳಿಸಿದ್ದೆ. ಹದಿನೆಂಟು ಮೀಟರ್ ಕೆಳಗೆ, ಬಂಡೆಯ ಬುಡದಲ್ಲಿ ಗೇಣುದ್ದದ ಒಂದು ಹುಳು ಹರಿಯುತ್ತಿತ್ತು. ಅದರ ಹೆಸರು ನನಗೆ ಗೊತ್ತಿತ್ತು, ಏಕೆಂದರೆ ಜನವರಿಯಲ್ಲಿ ಅದೇ ಬಂಡೆಯ ಬುಡದಲ್ಲಿ ಕಂಡ ಅಂಥದೇ ಹುಳುವಿನ ಚಿತ್ರ ನೋಡಿ ನೀವೇ ಕೊಟ್ಟಿದ್ದಿರಿ: ನೆರೀಸ್ ಜಾತಿಯದು, ಕೈಗೆ ತೆಗೆದುಕೊಂಡರೂ ಏನೂ ಮಾಡದು. ಡಾಕ್ಟರಮ್ಮ ಕೈ ಚಾಚಿದರು. ನಾನು ಗ್ಲೌಸ್ ಹಾಕಿದ ಕೈಯಿಂದ ಹುಳುವನ್ನು ಎತ್ತಿ ಅವರ ಬರಿಗೈ ಮೇಲೆ ಇಟ್ಟೆ. ಅದು ನೆರೀಸ್ ಅಲ್ಲ, ಬೆಂಕಿಹುಳು. ಅದರ ಬಿಳಿ ರೋಮಗಳು ಗಾಜಿನ ಪುಡಿಯಂತೆ ಅವರ ಅಂಗೈಯೊಳಗೆ ಮುರಿದುಕೊಂಡವು. ಎರಡು ವಾರ ಅವರಿಗೆ ಬಲಗೈಯಲ್ಲಿ ಇಕ್ಕಳ ಹಿಡಿಯಲಾಗಲಿಲ್ಲ.

ದೂರು ಬಂತು. ನಮ್ಮ ಡೈವಿಂಗ್ ಸೆಂಟರಿನ ಮಾಲೀಕರು ನನ್ನನ್ನು ನೀರಿನಿಂದ ಹೊರಗಿಟ್ಟಿದ್ದಾರೆ. "ಹೆಸ್ರು ಕೊಟ್ಟ ಮಾಸ್ತರ್ರು ತಪ್ಪು ತಮ್ಮದು ಅಂತ ಬರ್ದು ಕೊಡ್ಲಿ, ನೀನು ಬಾ. ಇಲ್ದಿದ್ರೆ ನಿಂಗೆ ಇನ್ನು ನೀರಿಲ್ಲ" ಅಂದರು. ಸೆಪ್ಟೆಂಬರ್ ಹದಿನೈದರೊಳಗೆ ಆ ಕಾಗದ ಅವರ ಕೈ ಸೇರಬೇಕು. ಅಕ್ಟೋಬರಿನಲ್ಲಿ ಕಡಲು ತೆರೆಯುತ್ತದೆ. ಅಲ್ಲಿಯವರೆಗೆ, ಪ್ರತಿ ಮಳೆಗಾಲದಂತೆ, ಅವ್ವನ ಪಕ್ಕ ಕೂತು ಜೀನ್ಸ್ ಪ್ಯಾಂಟಿಗೆ ಝಿಪ್ಪು ಕೂರಿಸುತ್ತಿದ್ದೇನೆ.

ನನಗೆ ಬೇಕಾದದ್ದು ಒಂದೇ ಸಾಲು. ತಪ್ಪು ಹೆಸರು ಕೊಟ್ಟದ್ದು ನಾನು ಅಂತ ಬರೆದು ಕೆಳಗೆ ಸಹಿ ಹಾಕಿ. ಆಮೇಲೆ ನನ್ನ ಮುಖ ನೋಡುವ ಕಷ್ಟ ನಿಮಗಿಲ್ಲ.

ಇಂತಿ,
ಒಂದು ಕಾಲದಲ್ಲಿ ನಿಮ್ಮ ವಿದ್ಯಾರ್ಥಿನಿ,
ಮೀನಾಕ್ಷಿ

◆

ಮಡಕಶಿರಾ
೨೦ ಜೂನ್ ೨೦೨೪

ಮೀನಾಕ್ಷಿಗೆ,

ನಿನ್ನ ರಿಜಿಸ್ಟರ್ ಬಂತು. ನಮ್ಮ ಬೀದಿಯಲ್ಲಿ ರಿಜಿಸ್ಟರ್ ಬಂದರೆ ಕೋರ್ಟಿನಿಂದಲೇ ಎಂದು ಲೆಕ್ಕ. ಎದುರು ಮನೆಯವರು ಜಮೀನು ತಕರಾರೇ ಸಾರ್ ಎಂದು ವಿಚಾರಿಸಿಕೊಂಡು ಹೋದರು. ಅಲ್ಲ, ಹುಳುವಿನ ತಕರಾರು ಎಂದೆ. ನನಗೆ ವಯಸ್ಸಾಯಿತೆಂದು ಅವರು ನಗುತ್ತಾ ಹೋದರು.

ನೀನು ಅರ್ಧ ಕತೆ ಬರೆದಿದ್ದೀಯೆ. ಉಳಿದರ್ಧ ನಾನು ಬರೆಯುತ್ತೇನೆ. ಕಡಲ ಪ್ರಾಣಿಗಳ ಬಣ್ಣವನ್ನು ಹೇಗೆ ಹೇಳಬೇಕು ಎಂದು ಮೂರು ವರ್ಷದ ಹಿಂದೆ ನನಗೆ ಪಾಠ ಹೇಳಿದವಳು ನೀನೇ. ಕಂದು, ಕೆಂಪು ಎಂದರೆ ಒಬ್ಬೊಬ್ಬರಿಗೆ ಒಂದೊಂದು, ಅದಕ್ಕೆ ನಿಮ್ಮೂರಿನ ಟೈಲರುಗಳ ದಾರದ ಶೇಡ್ ಕಾರ್ಡೇ ಸರಿ ಎಂದೆ. ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ನೀರೊಳಗೆ ಒಯ್ದು, ಪ್ರಾಣಿಯ ಪಕ್ಕ ಹಿಡಿದು, ಯಾವ ದಾರಕ್ಕೆ ಹೊಂದುತ್ತದೋ ಆ ನಂಬರು ಬರೆದು ಕಳಿಸುತ್ತಿದ್ದೆ. ಅಂಥದೇ ಇನ್ನೊಂದು ಕಾರ್ಡು ನನಗೂ ಕೊಟ್ಟೆ. ನಾನು ಒಪ್ಪಿದೆ. ಚಪ್ಪಟೆ ಹುಳು, ಕಡಲ ಸೌತೆ, ಗರಿ ಬಿಚ್ಚುವ ಕೊಳವೆ ಹುಳು, ನೂರಾ ನಲವತ್ತಕ್ಕೂ ಹೆಚ್ಚು ಜೀವಿಗಳಿಗೆ ಹೀಗೆಯೇ ಹೆಸರು ಹುಡುಕಿಕೊಟ್ಟೆ.

ಜನವರಿಯಲ್ಲಿ ನೀನು ಈ ಹುಳುವಿನ ಚಿತ್ರ ಕಳಿಸಿದಾಗ ನಾನು ಫೋನಿನಲ್ಲಿ ಕೇಳಿದೆ: ಪಕ್ಕದ ಬಿಳಿ ರೋಮಗಳ ಬುಡದಲ್ಲಿ ಕೆಂಪು ಕುಚ್ಚುಗಳಿವೆಯೆ? ಬೆಂಕಿಹುಳುವಿನ ಕಿವಿರುಗಳು ಅವು. ಅದನ್ನು ನೆರೀಸಿನಿಂದ ಬೇರೆ ಮಾಡಲು ಆ ಕೆಂಪು ಕುಚ್ಚೇ ಮೊದಲ ಗುರುತು. ಕುಚ್ಚು ಇವೆ, ಆದರೆ ಕೆಂಪಲ್ಲ, ಕಾಫಿ ಬಣ್ಣ, ೪೧೭ ಎಂದೆ ನೀನು. ನಾನು ಮತ್ತೆ ಕೇಳಿದೆ. ಮೂರನೆಯ ಸಲವೂ ಕೇಳಿದೆ. "ಕೆಂಪಿಲ್ಲ ಸಾರ್, ದಾರ ಹೊಂದ್ಸೋದು ನನಗೆ ಹೇಳಿ ಕೊಡಬ್ಯಾಡ್ರಿ" ಎಂದು ನೀನು ರೇಗಿದೆ. ಕೆಂಪಿಲ್ಲ ಎಂದ ಮೇಲೆ ನಾನು ನೆರೀಸ್ ಎಂದೆ.

ಈಗ ತಪ್ಪು ನನ್ನದೆಂದು ಬರೆಯಬೇಕಂತೆ. ನಮ್ಮ ಮನೆಯಾಕೆ ಪದ್ಮಾವತಮ್ಮ ಕೂಡ "ಒಂದ್ ಸಾಲು ಬರ್ದಾಕಿ, ನಿಮ್ ಗಂಟೇನ್ ಹೋಗ್ತೈತೆ" ಎನ್ನುತ್ತಾಳೆ. ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಕಲಿಸಿದ್ದೇನೆ, ನನ್ನ ಗಂಟೇ ಅದು. ಬರೆಯುವುದಿಲ್ಲ.

ನೀನು ಕಳಿಸಿದ ಚಿತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ನಾನು ಎಷ್ಟು ಗುರುತು ಹಾಕಿ ನೋಡಿದ್ದೆನೆಂದು ನೀನೇ ನೋಡಿಕೋ.

ಲಕ್ಷ್ಮಣಪ್ಪ

◆

ರಾಯದುರ್ಗ
೨೯ ಜೂನ್ ೨೦೨೪

ಸಾರ್,

ನೀವು ಕಳಿಸಿದ ಚಿತ್ರ ಬಿಚ್ಚಿ ನೋಡಿದೆ. ಜೆರಾಕ್ಸ್! ಕಪ್ಪು ಬಿಳುಪು ಜೆರಾಕ್ಸ್!

ಅವ್ವ ಗಾಬರಿಯಾಗಿ ಮಿಷನ್ ನಿಲ್ಲಿಸಿ, "ಯಾಕಬೇ, ಯಾರಿಗೇನಾತು?" ಅಂದಳು. ಯಾರಿಗೂ ಏನೂ ಆಗಿಲ್ಲ ಅವ್ವ, ನನಗೆ ಆಗಿದೆ ಅಂದೆ. ಮೂರು ವರ್ಷ ನಾನು ಕಳಿಸಿದ ಕಡಲನ್ನೆಲ್ಲ ನೀವು ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪು ಮಾಡಿ ನೋಡುತ್ತಿದ್ದಿರಾ? ಅಲೆಯ ಏಟು ತಿಂದು, ಉಸಿರು ಹಿಡಿದು, ಮೊಣಕೈ ಬಂಡೆಗೆ ತರಚಿಕೊಂಡು ತೆಗೆದ ಚಿತ್ರಗಳವು. ನೀಲಿ ಅಂಚಿನ ಚಪ್ಪಟೆ ಹುಳು ಕಳಿಸಿದ ದಿನ ನಾನು ಅದರ ಚೆಂದಕ್ಕೆ ಮೇಲೆ ಬಂದು ದೋಣಿಯಲ್ಲಿ ಅತ್ತಿದ್ದೆ. ನಿಮಗೆ ಅದು ಬೂದಿ ಬಣ್ಣದ ಕಲೆ.

ಬಣ್ಣವನ್ನೇ ನೋಡದವರು ಬಣ್ಣ ಸರಿಯಾಗಿ ಹೇಳಲಿಲ್ಲ ಅಂತ ನನ್ನ ಮೇಲೆ ಗೂಬೆ ಕೂರಿಸುತ್ತೀರಿ. ಫೋನಿನಲ್ಲೇ ಚಿತ್ರ ದೊಡ್ಡದು ಮಾಡಿ ನೋಡಿದ್ದರೆ ನಿಮ್ಮ ಕಣ್ಣು ಸವೆಯುತ್ತಿತ್ತೇ? ಹೆಸರು ತಪ್ಪಿದ್ದು ನಿಮ್ಮಿಂದ. ಈಗ ಒಂದು ಸಾಲು ಸಾಲದು, ಎರಡು ಸಾಲು ಬರೆಯಿರಿ. ಎರಡನೆಯದರಲ್ಲಿ ಜೆರಾಕ್ಸ್ ವಿಷಯ ಇರಲಿ.

ಮೀನಾಕ್ಷಿ

◆

ಮಡಕಶಿರಾ
೧೫ ಜುಲೈ ೨೦೨೪

ಮೀನಾಕ್ಷಿಗೆ,

ಬಣ್ಣ ನೋಡಿ ಹೆಸರಿಡುವುದು ಸೀರೆ ಅಂಗಡಿಯವರ ಕೆಲಸ. ನಮ್ಮ ಲ್ಯಾಬಿನ ಕಪಾಟಿನಲ್ಲಿ ಇಟ್ಟ ಸೀಸೆಗಳನ್ನು ನೀನು ನೋಡಿದ್ದೀಯೆ. ಫಾರ್ಮಾಲಿನ್ನಿಗೆ ಬಿದ್ದ ಆರು ತಿಂಗಳಿಗೆ ಎಲ್ಲ ಹುಳುವೂ ಹಳೆಯ ಅನ್ನದ ಬಣ್ಣವೇ. ಆದರೂ ಕಾಲಿನ ಆಕಾರ, ರೋಮದ ಜೋಡಣೆ, ತಲೆಯ ಮೇಲಿನ ಮಾಂಸದ ಉಬ್ಬು ನೋಡಿ ಹೆಸರು ಹೇಳುತ್ತೇವೆ. ಆಕಾರ ಸುಳ್ಳು ಹೇಳುವುದಿಲ್ಲವೆಂದು ಕಪ್ಪು ಬಿಳುಪು ಮಾಡಿಸುತ್ತಿದ್ದೆ. ನಿನ್ನ ಚಿತ್ರದಲ್ಲಿ ತಲೆಯೇ ಮಸುಕು. ಕೈ ಅಲುಗಿಸಿ ತೆಗೆದಿದ್ದೀಯೆ. ಅದಕ್ಕೇ ಬಣ್ಣ ಕೇಳಬೇಕಾಯಿತು.

ಇರಲಿ. ಹೆಸರು ಏನೇ ಆಗಿರಲಿ, ಕಡಲಿನ ಪ್ರಾಣಿಯನ್ನು ಮುಟ್ಟಬಾರದು, ಮುಟ್ಟಿಸಬಾರದು ಎಂಬುದು ನಿಮ್ಮ ಕೆಲಸದ ಮೊದಲ ನಿಯಮವೆಂದು ನೀನೇ ನನಗೆ ಹೇಳಿದ್ದೆ. ನಿನ್ನ ಕೈಗೆ ಗ್ಲೌಸ್ ಇತ್ತು, ಆ ಹೆಣ್ಣುಮಗಳ ಕೈ ಬರಿದಾಗಿತ್ತು. ನಿನ್ನ ಪತ್ರದಲ್ಲಿ ನೀನು ಆ ವಿಷಯವನ್ನು ಒಂದೇ ವಾಕ್ಯದಲ್ಲಿ ದಾಟಿಸಿಬಿಟ್ಟಿದ್ದೀಯೆ.

ಈಗ ಖಂಡಿತವಾಗಿ ಹೇಳುತ್ತೇನೆ. ಬೆಂಕಿಹುಳುವಿನ ಕುಚ್ಚು ಕಣ್ಣಿಗೆ ಹೊಡೆಯುವಷ್ಟು ಕೆಂಪು. ಎಲ್ಲ ಪುಸ್ತಕದಲ್ಲೂ ಇದೆ. ಅದು ಕಾಣಲಿಲ್ಲ ಎಂದರೆ ನೀನು ನೋಡಲೇ ಇಲ್ಲ, ಅಂದಾಜಿನಲ್ಲಿ ನಂಬರು ಬರೆದೆ. ಅದನ್ನು ಸುಳ್ಳು ಎನ್ನುತ್ತಾರೆ. ನೀನು ಸುಳ್ಳು ಹೇಳಿದೆ, ನಾನು ನಂಬಿದೆ. ನಂಬಿದ್ದಷ್ಟೇ ನನ್ನ ತಪ್ಪು. ಬೇಕಿದ್ದರೆ ನಿನ್ನ ಮಾಲೀಕರಿಗೆ ಅದನ್ನು ಬರೆದು ಕೊಡುತ್ತೇನೆ.

ಲಕ್ಷ್ಮಣಪ್ಪ

◆

ರಾಯದುರ್ಗ
೨೨ ಜುಲೈ ೨೦೨೪

ಸಾರ್,

ಸುಳ್ಳುಗಾತಿ ಅಂದಿದ್ದೀರಿ. ಈ ಮಾತಿಗೆ ನಾನು ಕಾಯುತ್ತಿದ್ದೆ ಅನ್ನಿಸುತ್ತದೆ. ಹದಿನೈದು ವರ್ಷದ ಹಿಂದಿನ ಪ್ರಾಕ್ಟಿಕಲ್ ಕ್ಲಾಸು ನಿಮಗೆ ನೆನಪಿರಲಿಕ್ಕಿಲ್ಲ. ನನಗೆ ನೆನಪಿದೆ. ಎರೆಹುಳುವಿನ ನರ ಬಿಡಿಸುವಾಗ ನನ್ನ ಕತ್ತರಿ ಜಾರಿತು. ನೀವು ಟ್ರೇ ಎತ್ತಿ ಇಪ್ಪತ್ತೆರಡು ಜನಕ್ಕೆ ತೋರಿಸಿ, "ಏನಮ್ಮಿ, ಇದೇನು ಜೀನ್ಸ್ ಪ್ಯಾಂಟ್ ಅಂದ್ಕಂಡ್ಯಾ? ಓಗು, ಓಗಿ ಮಿಷನ್ ತುಳಿಯೋಗು" ಅಂದಿರಿ. ಎಲ್ಲರೂ ನಕ್ಕರು. ನಾನು ಹೋದೆ. ಮತ್ತೆ ಕಾಲೇಜಿಗೆ ಬರಲಿಲ್ಲ, ಮಿಷನ್ನನ್ನೇ ತುಳಿದೆ.

ಆ ಮಿಷನ್ನೇ ನನ್ನನ್ನು ಕಡಲಿಗೆ ಕರೆದುಕೊಂಡು ಹೋಯಿತು. ಕಡಲಿಗೆ ಇಳಿಯುವವರು ತೊಡುವ ದಪ್ಪ ರಬ್ಬರ್ ಸೂಟು ಹರಿದರೆ ಹೊಲಿಯುವವರು ಅಲ್ಲಿ ಸಿಗುವುದಿಲ್ಲ. ದಪ್ಪ ಬಟ್ಟೆ ಹೊಲಿದ ಕೈ ಬೇಕು ಅಂತ ರಾಯದುರ್ಗದವರನ್ನು ಹುಡುಕಿಕೊಂಡು ಬಂದರು, ನಾನು ಹೋದೆ. ಸೂಟು ಹೊಲಿಯುತ್ತ ಹೊಲಿಯುತ್ತ ಅದನ್ನು ತೊಟ್ಟು ನೀರಿಗಿಳಿದೆ. ಮೊದಲ ಹುಳುವಿನ ಚಿತ್ರವನ್ನು ನಿಮಗೆ ಕಳಿಸಿದ್ದು ನಿಮ್ಮ ಮೇಲಿನ ಗೌರವಕ್ಕಲ್ಲ, ನೀವು ಪುಸ್ತಕದಲ್ಲಿ ನೋಡಿದ್ದನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ ಅಂತ ತೋರಿಸಲು. ನೀವು ಒಂದೇ ದಿನದಲ್ಲಿ ಹೆಸರು ಹುಡುಕಿ ಕಳಿಸಿದಿರಿ. ಆಮೇಲೆ ಮೂರು ವರ್ಷ ಆ ಪ್ರಾಕ್ಟಿಕಲ್ ಕ್ಲಾಸನ್ನು ನಾನು ಬೇಕೆಂತಲೇ ಮರೆತಿದ್ದೆ.

ಈಗ ಕಣ್ಣಿನ ವಿಷಯ. ನಮ್ಮ ಬೀದಿಯಲ್ಲಿ ದಾರ ಹೊಂದಿಸುವುದು ಆಟವಲ್ಲ. ಪ್ಯಾಂಟಿನ ಬಟ್ಟೆಗೂ ದಾರಕ್ಕೂ ಒಂದು ಕೂದಲೆಳೆ ಶೇಡು ತಪ್ಪಿದರೆ ಇಡೀ ಕಟ್ಟು ವಾಪಸ್ ಬರುತ್ತದೆ. ಹನ್ನೆರಡು ವರ್ಷದಲ್ಲಿ ನನ್ನ ಕೈಯಿಂದ ಹೋದ ಒಂದು ಕಟ್ಟೂ ವಾಪಸ್ ಬಂದಿಲ್ಲ. ನಮ್ಮ ಬೀದಿಯ ಹೊನ್ನೂರಪ್ಪ ಮಾವ ಇವತ್ತಿಗೂ ಅನುಮಾನ ಬಂದರೆ "ಮೀನಾಕ್ಷಿನ ಕರೀರ್ರಿ, ಆಕಿ ಕಣ್ಣು ತಪ್ಪಂಗಿಲ್ಲ" ಅನ್ನುತ್ತಾನೆ. ನನ್ನ ಕಣ್ಣನ್ನು ಸುಳ್ಳು ಅನ್ನಲು ನೀವು ಯಾರು?

ಆಗಸ್ಟಿನಲ್ಲಿ ಮಡಕಶಿರಾಕ್ಕೆ ಬರುತ್ತೇನೆ. ಕಾಗದ ಕೊಡುವವರೆಗೂ ನಿಮ್ಮ ಬಾಗಿಲಲ್ಲಿ ಕೂರುತ್ತೇನೆ.

ಮೀನಾಕ್ಷಿ

◆

ಮಡಕಶಿರಾ
೩೦ ಜುಲೈ ೨೦೨೪

ಬರಬೇಡ.

ಲ.

◆

ರಾಯದುರ್ಗ
೧೩ ಆಗಸ್ಟ್ ೨೦೨೪

ಸಾರ್,

ಬಂದೆ. ಮೂರು ಬಸ್ಸು ಬದಲಿಸಿ, ಸೊಂಟ ನೋಯಿಸಿಕೊಂಡು ಬಂದೆ. ಪದ್ಮಾವತಮ್ಮನವರು ಬಾಗಿಲಲ್ಲಿ ನಿಂತು, "ಅವ್ರು ಊರಾಗಿಲ್ಲ ಕಣಮ್ಮ" ಅಂದರು. ಪಾಪ, ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ನನ್ನ ಮುಖ ನೋಡಲಿಲ್ಲ. ನಿಮ್ಮ ಚಪ್ಪಲಿ ಹೊಸಿಲ ಪಕ್ಕವೇ ಇತ್ತು. ಒಳಗೆ ಕೆಮ್ಮಿದ್ದು ಯಾರು? ಆ ಕೆಮ್ಮು ನನಗೆ ಗೊತ್ತು, ಎರಡು ವರ್ಷ ಕ್ಲಾಸಿನಲ್ಲಿ ಕೇಳಿದ್ದೇನೆ.

ನಾನು ಬಾಗಿಲಲ್ಲಿ ಕೂರಲಿಲ್ಲ. ಪದ್ಮಾವತಮ್ಮನವರು ರಾಗಿ ಮುದ್ದೆ, ಹುರುಳಿ ಸಾರು ತಂದಿಟ್ಟು, "ಉಣ್ಣು, ಉಂಡ್ಮೇಲೆ ಬೈಯುವಂತೆ" ಅಂದರು. ಉಂಡ ಮೇಲೆ ಅವರೆದುರು ಬೈಯಲು ನನ್ನಿಂದಾಗಲಿಲ್ಲ. ನಿಮ್ಮನ್ನು ಬೈಯಲು ಅಷ್ಟು ದೂರ ಬಂದು, ನಿಮ್ಮ ಮನೆಯ ಮುದ್ದೆ ಉಂಡು ವಾಪಸ್ ಹೋದೆ ಅಂತ ದಾರಿಯುದ್ದಕ್ಕೂ ನನ್ನ ಮೇಲೇ ಸಿಟ್ಟು ಬಂತು.

ಕಟ್ಟೆಯ ಮೇಲೆ ನನ್ನ ಕಾರ್ಡು ಬಿಟ್ಟು ಬಂದಿದ್ದೇನೆ. ಕಡಲಿಗೆ ನನ್ನ ಜೊತೆ ಇಳಿದ ಕಾರ್ಡು. ನಿಮಗೆ ಯಾವ ಟೈಲರ್ ಮೇಲೆ ನಂಬಿಕೆ ಇದೆಯೋ ಅವರಿಗೆ ತೋರಿಸಿ. ೪೧೭ ಕಾಫಿ ಬಣ್ಣವೋ ಅಲ್ಲವೋ ಕೇಳಿ. ಪಕ್ಕದ ಸಾಲಿನ ೩೨೯, ಮೆರೂನು, ಕೆಂಪು ಅಂದರೆ ಅದು. ಅವೆರಡರ ನಡುವೆ ರಾಯದುರ್ಗದ ಮೂರು ವರ್ಷದ ಮಗುವೂ ತಪ್ಪು ಮಾಡುವುದಿಲ್ಲ.

ಸೆಪ್ಟೆಂಬರ್ ಹದಿನೈದಕ್ಕೆ ಒಂದು ತಿಂಗಳಷ್ಟೇ ಇದೆ. ನಾನು ಮತ್ತೆ ಕಡಲಿಗೆ ಇಳಿಯುವುದೋ ಇಲ್ಲವೋ ನಿಮ್ಮ ಒಂದು ಸಾಲಿನ ಮೇಲಿದೆ. ಇದನ್ನು ಬೇಡಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ.

ಮೀನಾಕ್ಷಿ

◆

ಮಡಕಶಿರಾ
೨೭ ಆಗಸ್ಟ್ ೨೦೨೪

ಮೀನಾಕ್ಷಿಗೆ,

ಮನೆಯೊಳಗೇ ಇದ್ದೆ. ಕೆಮ್ಮಿದ್ದೂ ನಾನೇ. ಆ ವಿಷಯ ಅಷ್ಟಕ್ಕೆ ಬಿಡು.

ನಿನ್ನ ಕಾರ್ಡು ಹಿಡಿದುಕೊಂಡು ಅಮರಾಪುರಕ್ಕೆ ಹೋಗಿದ್ದೆ. ಅಲ್ಲಿ ಬಸ್ ನಿಲ್ಲುವ ಕಡೆ ಚಿಕ್ಕತಿಮ್ಮಯ್ಯ ಎಂಬ ಟೈಲರ್ ನಲವತ್ತು ವರ್ಷದಿಂದ ರಸ್ತೆ ಬದಿ ಕೂತು ಹೊಲಿಯುತ್ತಾನೆ, ಯಾರ ಮುಲಾಜೂ ಇಲ್ಲದವನು. ನಿನ್ನ ಬಣ್ಣಜ್ಞಾನವನ್ನು ಅವನ ಬಾಯಿಂದಲೇ ಬಯಲು ಮಾಡಿಸಬೇಕೆಂದು ಹೊರಟಿದ್ದೆ. ಅವನು ತಲೆ ಮೇಲೆ ಒಂದು ನೀಲಿ ಟಾರ್ಪಾಲು ಕಟ್ಟಿಕೊಂಡಿದ್ದಾನೆ. ಅದರ ಕೆಳಗೆ ಕಾರ್ಡು ಚಾಚಿ, ಇವೆರಡು ದಾರದಲ್ಲಿ ಕೆಂಪು ಯಾವುದು ಎಂದೆ. ಅವನು ಕಾರ್ಡನ್ನು ಮುಟ್ಟಲೂ ಇಲ್ಲ. "ಇಲ್ಯಾಕ್ ಸಾ ತೋರುಸ್ತೀರಿ? ಈ ಟಾರ್ಪಾಲ್ ಕೆಳ್ಗೆ ಎಲ್ಡೂ ಒಂದೇ ತರ ಕಾಣ್ತವೆ. ಬಿಸ್ಲಿಗೋಗಿ ನೋಡಿ" ಎಂದ.

ನೋಡಿದೆ. ನಿಜವಾಗಿಯೂ ಒಂದೇ ತರ. ೩೨೯ರ ಮೆರೂನು ಆ ನೀಲಿ ನೆರಳಿನಲ್ಲಿ ಕಾಫಿ ಬಣ್ಣಕ್ಕೆ ತಿರುಗಿತ್ತು. ನಾಲ್ಕು ಹೆಜ್ಜೆ ಬಿಸಿಲಿಗೆ ಬಂದರೆ ಮತ್ತೆ ಕೆಂಪು. ಒಳಗೆ, ಹೊರಗೆ ಎಂದು ಏಳೆಂಟು ಸಲ ಓಡಾಡಿದೆ. ಬಸ್ಸಿಗೆ ಕಾಯುತ್ತಿದ್ದವರು ನನ್ನನ್ನು ನೋಡಿ ನಕ್ಕರು, ನಗಲಿ. ನನ್ನ ಬಸ್ಸೂ ತಪ್ಪಿತು.

ಮನೆಗೆ ಬಂದು ಹಳೆಯ ಭೌತಶಾಸ್ತ್ರದ ಪುಸ್ತಕ ತೆಗೆದೆ. ನೀರು ಬೆಳಕಿನ ಕೆಂಪನ್ನೇ ಮೊದಲು ನುಂಗುತ್ತದೆ. ಹದಿನೆಂಟು ಮೀಟರ್ ಕೆಳಗೆ ಕೆಂಪೆಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಲ್ಲಿ ಕೆಂಪು ಕುಚ್ಚೇ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಅದರ ಪಕ್ಕ ಹಿಡಿದರೆ ೪೧೭ ಹೊಂದಿಯೇ ಹೊಂದುತ್ತದೆ. ಟಾರ್ಚಿನ ಬೆಳಕು ಹತ್ತಿರದಿಂದ ಬಿದ್ದಿದ್ದರೆ ಕೆಂಪು ಕಾಣುತ್ತಿತ್ತು. ಕಾಣಲಿಲ್ಲವೆಂದರೆ ಆ ದಿನ ನಿನ್ನ ಟಾರ್ಚು ಹೊತ್ತಿರಲಿಲ್ಲ. ಹಾಗಿರುವಾಗ ನಿನ್ನ ಕಣ್ಣಲ್ಲ, ಯಾರ ಕಣ್ಣೂ ಸರಿ ಹೇಳಲು ಸಾಧ್ಯವಿರಲಿಲ್ಲ.

ಆದ್ದರಿಂದ ನೀನು ಸುಳ್ಳು ಹೇಳಲಿಲ್ಲ. ನಾನು ನಿನ್ನನ್ನು ಸುಳ್ಳುಗಾತಿ ಎಂದದ್ದು ತಪ್ಪು. ಇದನ್ನು ಬರೆಯುವಾಗ ನನ್ನ ಕೈ ನೋಯುತ್ತಿದೆ, ಸುಳ್ಳೇಕೆ. ನಿನ್ನ ಧಾಟಿ, ನಿನ್ನ ಉದ್ಧಟತನ ಯಾವುದನ್ನೂ ನಾನು ಕ್ಷಮಿಸಿಲ್ಲ. ಆದರೆ ಲೋಕದ ನಿಯಮ ನಿನ್ನ ಪರವಾಗಿದ್ದರೆ ನಾನು ಏನು ಮಾಡಲಿ.

ನಿನ್ನ ಮಾಲೀಕರಿಗೆ ಮೂರು ಪುಟ ಬರೆದು ಇವತ್ತು ಬೆಳಿಗ್ಗೆಯೇ ರಿಜಿಸ್ಟರ್ ಮಾಡಿದೆ. ಮೇಲಿನ ಇಡೀ ವಿವರ, ಟಾರ್ಚಿನ ಸಂಗತಿ, ಎಲ್ಲ ಬರೆದಿದ್ದೇನೆ. ಕೊನೆಗೆ, ಕೆಂಪು ನೀರಿನಲ್ಲಿ ಮಾಯವಾಗುತ್ತದೆಂದು ಪಾಪ ಈ ಹುಡುಗಿಗೆ ತಿಳಿದಿರಲು ಸಾಧ್ಯವಿಲ್ಲ, ತಿಳಿದಿರಬೇಕಾಗಿದ್ದವನು ಮೇಷ್ಟ್ರಾದ ನಾನು, ಆದ್ದರಿಂದ ತಪ್ಪೆಲ್ಲ ನನ್ನದೇ ಎಂದು ಸಹಿ ಹಾಕಿದ್ದೇನೆ. ನೀನು ಕೇಳಿದ್ದು ಒಂದು ಸಾಲು. ಮೂರು ಪುಟ ಸಿಕ್ಕಿತು. ಇನ್ನು ನನ್ನನ್ನು ನನ್ನ ಪಾಡಿಗೆ ಬಿಡು.

ಲಕ್ಷ್ಮಣಪ್ಪ

◆

ರಾಯದುರ್ಗ
೧೪ ಸೆಪ್ಟೆಂಬರ್ ೨೦೨೪

ಸಾರ್,

ನಿಮ್ಮ ಕಾಗದ ನನ್ನ ಕೈ ಸೇರಿದ ದಿನ ಮಿಷನ್ ಬಿಟ್ಟು ಎದ್ದು ಪೋಸ್ಟಾಫೀಸಿಗೆ ಓಡಿದೆ. ರಿಜಿಸ್ಟರ್ ಮಾಡಿದ್ದನ್ನು ದಾರಿಯಲ್ಲಿ ತಡೆಯಲು ಬರುತ್ತದೇನ್ರಿ ಅಂತ ಕೇಳಿದೆ. ಹಾಕಿದವರು ಬಂದು ಅರ್ಜಿ ಕೊಡಬೇಕಮ್ಮ ಅಂದರು. ನಿಮಗೆ ಫೋನ್ ಮಾಡಿದೆ. ಇನ್ನೂ ಬ್ಲಾಕ್.

ಮೂರು ದಿನದ ಮೇಲೆ ಮಾಲೀಕರ ಫೋನ್ ಬಂತು. ಅವರು ಕೂಗಾಡಲಿಲ್ಲ. "ಮೀನಾಕ್ಷಿ, ನಿಮ್ಮ ಮಾಸ್ತರ್ರ ಪತ್ರ ಬಂತು. ಕೆಂಪು ಬಟ್ಟೆ ಚೂರು ಹಿಡ್ಕಂಡು ನಿನ್ನನ್ನ ಕೆಳಗೆ ಕರ್ಕಂಡು ಹೋದದ್ದು ಯಾರು, ನೆನಪುಂಟಾ?" ಅಂದರು. ನೀವೇ ಅಂದೆ. "ಟಾರ್ಚು ಹೊತ್ತಿರ್ಲಿಲ್ಲ, ಅಲ್ದಾ?" ಅಂದರು. ಹೂಂ ಅಂದೆ. ಅವರಿಗೆ ಅಷ್ಟು ಸಾಕಾಯಿತು.

ನೀವು ಅಮರಾಪುರದ ಟಾರ್ಪಾಲಿನ ಕೆಳಗೆ ಕಂಡುಹಿಡಿದದ್ದು, ಸಾರ್, ಕಡಲಿಗಿಳಿಯುವ ಎಲ್ಲರಿಗೂ ಮೊದಲ ವಾರ ಹೇಳಿಕೊಡುವ ಪಾಠ. ಕೆಂಪು ಬಟ್ಟೆ ಹಿಡಿದು ಇಳಿಸುತ್ತಾರೆ, ಕೆಳಗೆ ಹೋದಷ್ಟೂ ಅದು ಕಂದಾಗಿ ಕಪ್ಪಾಗುತ್ತದೆ. ಟಾರ್ಚು ಹಾಕುತ್ತಾರೆ, ಕೆಂಪು ವಾಪಸ್ ಬರುತ್ತದೆ. ಟಾರ್ಚಿಲ್ಲದೆ ಬಣ್ಣ ಬರೆಯಬಾರದು, ಹೆಸರು ಇಡಬಾರದು. ನಮ್ಮಲ್ಲಿ ಇದು ಕಟ್ಟುನಿಟ್ಟು. ಆ ಪಾಠವನ್ನು ನನಗೆ ಕಲಿಸಿದವರು ಆ ಮಾಲೀಕರೇ. ಇಷ್ಟು ದಿನ ಅವರು, ಟಾರ್ಚು ಹಾಕಿ ನೋಡಿದ್ದಾಳೆ, ಮೇಷ್ಟ್ರು ತಪ್ಪು ಹೆಸರು ಕೊಟ್ಟಿದ್ದಾರೆ ಅಂತ ನಂಬಿದ್ದರು. ನಾನು ಹಾಗೆ ಹೇಳಿದ್ದೆ. ನೀವು ಮೂರು ಪುಟದಲ್ಲಿ ರುಜುವಾತು ಸಮೇತ ಅದು ಸುಳ್ಳು ಅಂತ ತೋರಿಸಿಕೊಟ್ಟಿರಿ. ಪಾಪ ಈ ಹುಡುಗಿಗೆ ತಿಳಿದಿರಲು ಸಾಧ್ಯವಿಲ್ಲ ಅಂತಲೂ ಬರೆದಿರಿ. ಆ ಸಾಲು ಓದಿ ಅವರು ನಕ್ಕಿರಬೇಕು.

ನನಗೆ ತಿಳಿದಿತ್ತು. ಜನವರಿಯಲ್ಲಿ ಕೆಳಗೆ ಹೋದ ಮೇಲೆ ಟಾರ್ಚಿನ ಬ್ಯಾಟರಿ ಸತ್ತಿತು. ಆ ಹುಳುವನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ, ಬಿಟ್ಟು ಬರಲು ಮನಸ್ಸಾಗಲಿಲ್ಲ. ಕಾರ್ಡು ಹಿಡಿದೆ, ೪೧೭ ಹೊಂದಿತು, ಬರೆದುಕೊಂಡೆ. ಮೇಲೆ ಬಂದ ಮೇಲೆ ನೀವು ಕೆಂಪಿದೆಯೇ ಅಂತ ಕೇಳಿದಿರಿ. ಒಂದನೇ ಸಲ ಕೇಳಿದಾಗಲೇ ಟಾರ್ಚು ಇರಲಿಲ್ಲ ಸಾರ್, ನನಗೆ ಗೊತ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ನೀವು ಮೂರನೇ ಸಲ ಕೇಳುವ ಹೊತ್ತಿಗೆ ನಿಮ್ಮ ದನಿಯಲ್ಲಿ ಆ ಟ್ರೇ ಎತ್ತಿದ ದಿನದ ದನಿ ಕೇಳಿಸಿತು. ನಿಮ್ಮೆದುರು ಗೊತ್ತಿಲ್ಲ ಅನ್ನುವುದಕ್ಕಿಂತ ಸಾಯುವುದು ಮೇಲು ಅನ್ನಿಸಿತು. ಕೆಂಪಿಲ್ಲ ಅಂದೆ.

ಮೇ ತಿಂಗಳಲ್ಲಿ ಡಾಕ್ಟರಮ್ಮನ ಅಂಗೈ ಮೇಲೆ ಹುಳು ಇಟ್ಟ ಮೇಲೆ ಅವರು ಇನ್ನೊಂದು ಕೈಯಿಂದ ತಮ್ಮ ಟಾರ್ಚು ಹಾಕಿದರು. ಬೆಳಕು ಬಿದ್ದೊಡನೆ ಎರಡೂ ಪಕ್ಕ ಕುಚ್ಚು ಕುಚ್ಚಾಗಿ ಕೆಂಪು ಎದ್ದಿತು. ಅವರಿಗೆ ಉರಿ ಹತ್ತುವುದಕ್ಕೆ ಮುಂಚೆ ನಾನು ಅದನ್ನು ನೋಡಿದೆ. ನೀರೊಳಗೆ ಕೂಗಲು ಬರುವುದಿಲ್ಲ ಸಾರ್. ಅವರ ಕೈಯಿಂದ ಹುಳುವನ್ನು ಬಡಿದು ಬೀಳಿಸಿದೆ, ತಡವಾಗಿತ್ತು. ಆಮೇಲೆ ನಾಲ್ಕು ತಿಂಗಳು ನಾನು ಯಾರಿಗೂ ಇದನ್ನು ಹೇಳಿಲ್ಲ, ಅವ್ವನಿಗೂ.

ಮಾಲೀಕರು ಸೂಟು ಹೊಲಿಯಲು ಬರುವುದಾದರೆ ಬಾ ಅಂದಿದ್ದಾರೆ. ನೀರಿಗೆ ಬೇಡ. ಅಕ್ಟೋಬರ್ ಎರಡಕ್ಕೆ ಹೋಗುತ್ತೇನೆ. ದಡದಲ್ಲಿ ಕೂತು, ಇಳಿಯುವವರ ಸೂಟಿಗೆ ತೇಪೆ ಹಾಕುತ್ತೇನೆ. ಅವ್ವ "ಬ್ಯಾಡ ಬಿಡವ್ವ, ಇಲ್ಲೇ ಇರು, ಇಲ್ಲೂ ಸೂಜಿ ಐತಿ, ಅಲ್ಲೂ ಸೂಜಿ ಐತಿ" ಅನ್ನುತ್ತಾಳೆ. ಅಲ್ಲಿ ಕಿಟಕಿಯಿಂದ ನೀರು ಕಾಣುತ್ತದೆ ಅಂತ ಅವಳಿಗೆ ಹೇಗೆ ಹೇಳಲಿ.

ನಿಮ್ಮನ್ನು ದ್ವೇಷಿಸಲು ಹದಿನೈದು ವರ್ಷದಿಂದ ನನ್ನ ಹತ್ತಿರ ಒಂದು ಕಾರಣವಿತ್ತು. ಈ ವರ್ಷ ಇನ್ನೊಂದನ್ನು ನಾನೇ ಕಟ್ಟಿಕೊಂಡೆ. ನಿಮ್ಮದಲ್ಲದ ತಪ್ಪನ್ನು ನನಗಾಗಿ ತಲೆ ಮೇಲೆ ಹಾಕಿಕೊಂಡು ನೀವು ಎರಡನ್ನೂ ಕಿತ್ತುಕೊಂಡಿರಿ. ಕೆಲಸ ಹೋದದ್ದಕ್ಕಿಂತ ಇದೇ ನನಗೆ ಹೆಚ್ಚು ಉರಿಯುತ್ತಿದೆ. ಇದಕ್ಕೆ ಉತ್ತರ ಬರೆಯಬೇಡಿ.

ಮೀನಾಕ್ಷಿ

◆

ಮಡಕಶಿರಾ
೨೧ ಸೆಪ್ಟೆಂಬರ್ ೨೦೨೪

ಮೀನಾಕ್ಷಿಗೆ,

ಉತ್ತರ ಬೇಡವೆಂದಿದ್ದೀಯೆ. ನಿನ್ನ ಮಾತು ನಾನು ಎಂದು ಕೇಳಿದ್ದೇನೆ?

ನಿನ್ನ ಕಾಗದವನ್ನು ಪದ್ಮಾವತಮ್ಮನಿಗೆ ಓದಿ ಹೇಳಿದೆ. ಅವಳು, "ಆ ಕಾಗ್ದ ಆಕೋಕ್ ಮುಂಚೆ ಆ ಮಗೀನ್ ಒಂದ್ ಮಾತು ಕೇಳ್ಬಾರ್ದಾಗಿತ್ತಾ?" ಎಂದು ಎದ್ದು ಹೋದಳು. ಅಂದಿನಿಂದ ನನ್ನ ಜೊತೆ ಮಾತಿಲ್ಲ.

ನೀನು ನನ್ನನ್ನು ದೊಡ್ಡ ಮನುಷ್ಯನೆಂದು ತಿಳಿದು ಸಂಕಟಪಡುತ್ತಿದ್ದೀಯೆ, ಅದನ್ನು ಹಾಗೇ ಬಿಟ್ಟರೆ ಅದೂ ಒಂದು ಸುಳ್ಳಾಗುತ್ತದೆ. ನಾನು ಅಮರಾಪುರಕ್ಕೆ ಹೋದದ್ದು ನಿನ್ನನ್ನು ಉಳಿಸಲು ಅಲ್ಲ, ನಿನ್ನ ಸುಳ್ಳನ್ನು ಹಿಡಿಯಲು. ಅಲ್ಲಿ ಬೇರೇನೋ ಸಿಕ್ಕಿತು. ಜೀವಮಾನವೆಲ್ಲ ಬೇರೆಯವರು ಕಂಡುಹಿಡಿದದ್ದನ್ನು ಬೋರ್ಡಿನ ಮೇಲೆ ಬರೆದವನಿಗೆ, ತಾನೇ ಒಂದನ್ನು ಕಂಡೆನೆಂಬ ಜಂಬ ಹತ್ತಿತು. ಆ ಮೂರು ಪುಟದಲ್ಲಿ ಎರಡೂಮುಕ್ಕಾಲು ಪುಟ ನನ್ನ ಟಾರ್ಪಾಲಿನ ವಿಷಯ. ನಿನ್ನ ಹೆಸರು ಕೊನೆಯಲ್ಲಿ ಬರುತ್ತದೆ. ಕಡಲು ಬಲ್ಲ ಒಬ್ಬ ಮನುಷ್ಯ ಅದನ್ನು ಓದಿ ತಲೆದೂಗಬೇಕೆಂಬ ಆಸೆಗೆ ಬೆಳಿಗ್ಗೆ ಪೋಸ್ಟಾಫೀಸು ತೆರೆಯುವ ಮುಂಚೆಯೇ ಹೋಗಿ ನಿಂತಿದ್ದೆ. ನಿನಗೆ ಒಂದು ಫೋನ್ ಮಾಡಿದ್ದರೆ ನೀನು ತಡೆಯುತ್ತಿದ್ದೆ. ಬ್ಲಾಕ್ ತೆಗೆಯಲು ನನಗೆ ಬಿಗುಮಾನ.

ಟ್ರೇ ಎತ್ತಿದ್ದು ನೆನಪಿದೆ. ನೀನು ಮರುದಿನ ಬರಲಿಲ್ಲವೆಂಬುದೂ ನೆನಪಿದೆ. ಬಾ ಎಂದು ಹೇಳಿ ಕಳಿಸಬಹುದಿತ್ತು, ನಿಮ್ಮ ಬೀದಿ ಕಾಲೇಜಿನಿಂದ ಹತ್ತು ನಿಮಿಷದ ದಾರಿ. ಕಳಿಸಲಿಲ್ಲ.

ಆದ್ದರಿಂದ ನಿನ್ನ ದ್ವೇಷದ ಕಾರಣಗಳನ್ನು ನಾನು ಕಿತ್ತುಕೊಂಡೆನೆಂದು ಅಳಬೇಡ. ನಿನ್ನನ್ನು ನೀರಿನಿಂದ ಹೊರಗಿಟ್ಟದ್ದು ನನ್ನ ಒಳ್ಳೆಯತನವಲ್ಲ, ನನ್ನ ಜಂಬ. ದ್ವೇಷಿಸಲು ಇದು ಮೊದಲಿನ ಎರಡಕ್ಕಿಂತ ಗಟ್ಟಿ ಕಾರಣ. ಇದನ್ನು ಇಟ್ಟುಕೋ, ನಿನಗೆ ಸಲ್ಲಬೇಕಾದದ್ದು.

ಲಕ್ಷ್ಮಣಪ್ಪ